ಪಾದದ ಕಮಾನು ಎತ್ತರವಾಗಿದ್ದರೆ ಏನು ಮಾಡಬೇಕು?

ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲಿಂದ ಹಳೆಯ ಕಾಲುದಾರಿಯೊಂದಿದೆ. ಚಾಲುಕ್ಯರ ದೇಗುಲಗಳನ್ನು ನೋಡಲು ಶಾಲೆ ಅಥವಾ ಯುವ ಸಂಘಟನೆಯ ಪ್ರವಾಸ ಹೋದಾಗ ಇಂಥ ಕಲ್ಲುದಾರಿಯಲ್ಲಿ ಕೆಲವರ ಕಾಲು ಪದೇ ಪದೇ ಉಳುಕುತ್ತದೆ. ಅತ್ತೂರು ಜಾತ್ರೆಯ ಸಾಲಿನಲ್ಲಿ ನಿಂತವರಲ್ಲೂ ಕೆಲವರಿಗೆ ಬೇಗನೆ ಅಂಗಾಲು ನೋಯುತ್ತದೆ. ಅಜಾಗ್ರತೆ, ಸೋಮಾರಿತನ ಎಂದು ಗದರುವ ಮೊದಲು ಅವರ ಪಾದವನ್ನು ಒಮ್ಮೆ ನೋಡುವುದು ಒಳ್ಳೆಯದು.

ಅಂಗಾಲಿನ ಒಳಬದಿಯಲ್ಲಿ ಎಲ್ಲರಿಗೂ ಒಂದು ಕಮಾನು ಇರುತ್ತದೆ. ಹೆಜ್ಜೆ ಊರಿದಾಗ ಅದು ತುಸು ತಗ್ಗಿ ದೇಹದ ಭಾರವನ್ನು ಹಂಚುತ್ತದೆ. ಕೆಲವರ ಕಮಾನು ತೀರಾ ಎತ್ತರವಾಗಿದ್ದು, ನಿಂತಾಗಲೂ ತಗ್ಗುವುದಿಲ್ಲ. ವೈದ್ಯರು ಇದನ್ನು ‘ಪೆಸ್ ಕೇವಸ್’ ಎನ್ನುತ್ತಾರೆ. ಆಗ ಭಾರವೆಲ್ಲ ಹಿಮ್ಮಡಿ ಮತ್ತು ಬೆರಳುಗಳ ಬುಡಕ್ಕೆ ಬಿದ್ದು ನೋವು, ಆಣಿ ಉಂಟಾಗುತ್ತವೆ. ಹಿಮ್ಮಡಿ ಒಳಕ್ಕೆ ವಾಲಿದ್ದರೆ ಕಾಲು ಸುಲಭವಾಗಿ ಉಳುಕುತ್ತದೆ.

ಮನೆಯಲ್ಲೇ ಪರೀಕ್ಷಿಸಬಹುದು. ಒದ್ದೆ ಕಾಲಿನಿಂದ ಸಿಮೆಂಟ್ ನೆಲದ ಮೇಲೆ ನಿಲ್ಲಿ. ಹಿಮ್ಮಡಿ ಮತ್ತು ಮುಂಗಾಲಿನ ಗುರುತು ಮಾತ್ರ ಮೂಡಿ, ನಡುವೆ ಸಣ್ಣ ಗೆರೆಯಷ್ಟೇ ಕಂಡರೆ ಅಥವಾ ಅದೂ ಇಲ್ಲದಿದ್ದರೆ ಕಮಾನು ಎತ್ತರವಾಗಿದೆ ಎನ್ನಬಹುದು.

ಕೆಲವರಿಗೆ ಇದು ಹುಟ್ಟಿನಿಂದಲೇ ಬಂದದ್ದು. ನೋವಿಲ್ಲದಿದ್ದರೆ ಚಿಕಿತ್ಸೆ ಬೇಕಿಲ್ಲ. ಆದರೆ ಹಲವರಲ್ಲಿ ಇದರ ಮೂಲ ನರದ ತೊಂದರೆ. 1886ರಲ್ಲಿ ಶಾರ್ಕೊ, ಮರೀ ಮತ್ತು ಟೂತ್ ಎಂಬ ವೈದ್ಯರು ವಿವರಿಸಿದ ವಂಶಪಾರಂಪರ್ಯ ಕಾಯಿಲೆ ಇವುಗಳಲ್ಲಿ ಮುಖ್ಯವಾದುದು. ಹಿಂದೆ ಪೋಲಿಯೊ ತಗಲಿದವರಲ್ಲೂ ಇದು ಕಂಡುಬರುತ್ತದೆ.

ನೋವಿರುವವರು ಹೀಗೆ ಮಾಡಬಹುದು:

* ಗಟ್ಟಿ, ತೆಳು ಚಪ್ಪಲಿ ಬಿಟ್ಟು ಮೆತ್ತನೆಯ ಅಟ್ಟೆ, ಅಗಲವಾದ ಮುಂಭಾಗವಿರುವ ಶೂ ಧರಿಸಿ.
* ಕಮಾನಿಗೆ ಆಧಾರ ಕೊಡುವ ಒಳ ಅಟ್ಟೆಯನ್ನು ಪಾದದ ಅಳತೆಗೆ ಮಾಡಿಸಿಕೊಳ್ಳಿ.
* ಗೋಡೆಗೆ ಕೈ ಊರಿ ಮೀನಖಂಡವನ್ನು ಎಳೆದು ಹಿಗ್ಗಿಸುವ ವ್ಯಾಯಾಮವನ್ನು ದಿನವೂ ಮಾಡಿ.
* ಆಣಿಯನ್ನು ಬ್ಲೇಡಿನಿಂದ ಕತ್ತರಿಸಬೇಡಿ. ಮಧುಮೇಹಿಗಳು ಬರಿಗಾಲಲ್ಲಿ ನಡೆಯದೆ, ಪ್ರತಿದಿನ ಅಂಗಾಲು ನೋಡಿಕೊಳ್ಳಲಿ.

ಒಂದೇ ಕಾಲಿನ ಕಮಾನು ಹೊಸದಾಗಿ ಎತ್ತರವಾಗುತ್ತಿದ್ದರೆ, ಬೆರಳುಗಳು ಮಡಚಿಕೊಳ್ಳುತ್ತಿದ್ದರೆ, ಜೋಮು ಹಿಡಿದರೆ ಅಥವಾ ಮಗು ಪದೇ ಪದೇ ಎಡವಿ ಬೀಳುತ್ತಿದ್ದರೆ ತಡಮಾಡಬಾರದು. ಬೆನ್ನುಹುರಿಯ ತೊಂದರೆಯೂ ಕಾರಣವಾಗಿರಬಹುದು. 1880ರಲ್ಲಿ ಆರಂಭವಾದ ಕಂಕನಾಡಿಯ ಫಾದರ್ ಮುಲ್ಲರ್ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗಳಲ್ಲಿ ಮೂಳೆ ತಜ್ಞರೂ ಫಿಸಿಯೋಥೆರಪಿಯೂ ಒಂದೇ ಕಡೆ ಸಿಗುತ್ತವೆ. ಶಸ್ತ್ರಚಿಕಿತ್ಸೆ ಕೆಲವರಿಗೆ ಮಾತ್ರ ಬೇಕಾಗುತ್ತದೆ.

ಕ್ರಿಸ್ತೀಯ ಶಿಕ್ಷಣ ನೀಡುವ ಶಿಕ್ಷಕರೂ ವಾಳೆಯ ಗುರಿಕಾರರೂ ಇದನ್ನು ಗಮನಿಸಬೇಕು. ಮೆರವಣಿಗೆಯಲ್ಲಿ ಹಿಂದೆ ಬೀಳುವವರಿಗೆ ಕುಳಿತುಕೊಳ್ಳಲು ಜಾಗ ಮಾಡಿಕೊಡೋಣ. ಯೇಸುಸ್ವಾಮಿ ಶಿಷ್ಯರ ಪಾದಗಳನ್ನು ತೊಳೆದು ಕಲಿಸಿದ್ದು ಇಂಥ ಸೇವೆಯನ್ನೇ.