ನಾಡಿ ಸಿಕ್ಕಿತು, ದಾರಿ ಸಿಗಲಿಲ್ಲ

ನವಲಗುಂದದಿಂದ ಹೊರಡಲಿ, ಕುಂದಗೋಳ, ಅಣ್ಣಿಗೇರಿ, ಕಲಘಟಗಿಯಿಂದ ಹೊರಡಲಿ, ಎದೆನೋವಿನವರ ಗಾಡಿ ಬಂದು ನಿಲ್ಲುವುದು ಹೆಚ್ಚಾಗಿ ಹುಬ್ಬಳ್ಳಿ-ಧಾರವಾಡದಲ್ಲೇ. ಆಂಜಿಯೋಗ್ರಾಮ್ ಎಂಬ ಮಾತು ಬಿದ್ದ ಕೂಡಲೇ ಮನೆಮಂದಿ ಕೇಳುವುದು ಒಂದೇ: ‘ಕೈಯಾಗಿಂದ ಮಾಡ್ತೀರೋ, ತೊಡಿಯಾಗಿಂದೋ?’ ಕೈ ಎಂದರೆ ಅರ್ಧ ಅಂಜಿಕೆ ಇಳಿಯುತ್ತದೆ. ವೈದ್ಯರು ನಡುವೆಯೇ ಮಣಿಕಟ್ಟು ಬಿಟ್ಟು ತೊಡೆಸಂದಿಗೆ ಬಂದರೆಂದು ತಿಳಿದರೆ ಇಳಿದದ್ದು ಇಮ್ಮಡಿಯಾಗಿ ಏರುತ್ತದೆ. ‘ಏನೋ ಎಡವಟ್ಟ ಆಗೇತಿ’ ಎಂದು ಹೊರಗಿನ ಬೆಂಚಿನ ಮೇಲೆ ಪಿಸುಮಾತು ಶುರು.

ಎಷ್ಟೋ ಸಲ ಎಡವಟ್ಟು ವೈದ್ಯರದೂ ಅಲ್ಲ, ಹೃದಯದ್ದೂ ಅಲ್ಲ. ಆ ಕೈಯೊಳಗಿನ ರಕ್ತನಾಳ ಹುಟ್ಟಿನಿಂದಲೇ ಬೇರೆ ದಾರಿ ಹಿಡಿದಿರುತ್ತದೆ, ಅಷ್ಟೆ.

ಮಣಿಕಟ್ಟಿನ ಮೂಲಕ ಹೃದಯ ಮುಟ್ಟುವ ಪದ್ಧತಿ ತೀರಾ ಹಳೆಯದಲ್ಲ. ಮಾಂಟ್ರಿಯಲ್‌ನ ಲೂಸಿಯೆ ಕಾಂಪೋ 1989ರಲ್ಲಿ ನೂರು ರೋಗಿಗಳ ಅನುಭವ ಪ್ರಕಟಿಸಿದರು. 1992ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫರ್ಡಿನೆಂಡ್ ಕೀಮೆನೈ ಅದೇ ದಾರಿಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿ ತೋರಿಸಿದರು. ನಾಡಿ ನೋಡುವ ಜಾಗದಲ್ಲಿ ನಾಳ ಚರ್ಮದ ಕೆಳಗೇ ಇದೆ, ಅದರಡಿಗೆ ಎಲುಬು. ಒತ್ತಿ ಹಿಡಿದರೆ ರಕ್ತ ನಿಲ್ಲುತ್ತದೆ, ರೋಗಿ ಬೇಗ ಎದ್ದು ಕೂರುತ್ತಾನೆ. 32 ದೇಶಗಳ 7,021 ರೋಗಿಗಳನ್ನು ಒಳಗೊಂಡ ‘ರೈವಲ್’ ಅಧ್ಯಯನ 2011ರಲ್ಲಿ ಹೊರಬಂತು. ರಕ್ತನಾಳದ ದೊಡ್ಡ ತೊಡಕುಗಳು ತೊಡೆಯ ದಾರಿಯಲ್ಲಿ ಶೇ 3.7, ಕೈಯ ದಾರಿಯಲ್ಲಿ ಶೇ 1.4.

ಆದರೆ ಬೆರಳಿಗೆ ಸಿಗುವ ನಾಡಿ ಬರೀ ಬಾಗಿಲು. ಒಳಗಿನ ಓಣಿ ಹೇಗಿದೆಯೆಂದು ಅದು ಹೇಳುವುದಿಲ್ಲ. ಪಠ್ಯಪುಸ್ತಕದ ಚಿತ್ರದಲ್ಲಿ ತೋಳಿನ ನಾಳ ಮೊಣಕೈ ಬಳಿ ಎರಡು ಕವಲಾಗುತ್ತದೆ. ಕೆಲವರಲ್ಲಿ ಆ ಕವಲು ಎಷ್ಟೋ ಮೇಲೆ, ಒಮ್ಮೊಮ್ಮೆ ಕಂಕುಳ ಹತ್ತಿರವೇ ಒಡೆದಿರುತ್ತದೆ. ಅಂಥ ನಾಳ ಸಾಮಾನ್ಯವಾಗಿ ಸಣ್ಣದು. ಎರಡು ಮಿಲಿಮೀಟರ್ ದಪ್ಪದ ಕೊಳವೆ ಸೋಕಿದರೆ ಮುನಿದು ಬಿಗಿದುಕೊಳ್ಳುತ್ತದೆ. ಇನ್ನು ಕೆಲವರಲ್ಲಿ ಮೊಣಕೈ ಸಮೀಪ ನಾಳ ಪೂರ್ತಿ ಒಂದು ಸುತ್ತು ಹಾಕಿ ಮುಂದೆ ಹೋಗುತ್ತದೆ. ಎರೆಹೊಲಗಳ ನಡುವೆ ಬೆಣ್ಣೆಹಳ್ಳ ತಿರುತಿರುಗಿ ಹರಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸುತ್ತಿನ ನೆತ್ತಿಯಲ್ಲೇ ಕಿರುಗವಲೊಂದು ಹೊರಡುವುದುಂಟು. ಕೊಳವೆಗೆ ಮುಂಚೆ ದಾರಿ ತೋರಲು ಹೋಗುವ ತಂತಿ ನೇರ ಅದರೊಳಗೆ ನುಗ್ಗುತ್ತದೆ. ಅಲ್ಲಿ ಜೋರು ಮಾಡಿದರೆ ನಾಳ ಹರಿದು ಮುಂಗೈಯೊಳಗೇ ರಕ್ತ ಸೋರುತ್ತದೆ. ತಂತಿ ತಡೆಯಿತೋ, ನುರಿತವರು ಒತ್ತುವುದಿಲ್ಲ; ತುಸು ಡೈ ಬಿಟ್ಟು ಪರದೆಯ ಮೇಲೆ ದಾರಿ ನೋಡುತ್ತಾರೆ. ಮಿಲಿಮೀಟರಿನ ಮೂರನೇ ಒಂದು ಪಾಲು ದಪ್ಪದ ಮೆತ್ತನೆಯ ತಂತಿಯಿಂದ ಸುತ್ತನ್ನು ನೇರ ಮಾಡಲು ಯತ್ನಿಸುತ್ತಾರೆ. ಆಗದಿದ್ದರೆ ಇನ್ನೊಂದು ಕೈ, ಇಲ್ಲವೇ ತೊಡೆ.

ಇಂಗ್ಲೆಂಡಿನಲ್ಲಿ 1,540 ರೋಗಿಗಳ ಕೈನಾಳ ಪರೀಕ್ಷಿಸಿದ 2009ರ ವರದಿಯಲ್ಲಿ ಶೇ 13.8 ಮಂದಿಗೆ ಏನಾದರೊಂದು ವಿಚಿತ್ರ ರಚನೆ ಇತ್ತು. ಮೇಲೆಯೇ ಕವಲೊಡೆದದ್ದು ಶೇ 7, ಪೂರ್ತಿ ಸುತ್ತು ಶೇ 2.3. ವಾಡಿಕೆಯ ನಾಳ ಇದ್ದವರಲ್ಲಿ ಕೈಯ ದಾರಿ ಕೈಕೊಟ್ಟದ್ದು ನೂರಕ್ಕೆ ಒಬ್ಬರಿಗೂ ಕಡಿಮೆ; ಸುತ್ತು ಇದ್ದವರಲ್ಲಿ ನೂರಕ್ಕೆ 37.

ಭುಜ ದಾಟಿದ ಮೇಲೂ ಆಟ ಮುಗಿಯದು. ವಯಸ್ಸು, ಬಿಪಿ ಏರಿದಂತೆ ಅಲ್ಲಿನ ನಾಳ ಸೊಟ್ಟಗಾಗುತ್ತದೆ. ‘ಜೋರಾಗಿ ಉಸಿರು ಎಳದು ಹಿಡೀರಿ’ ಎಂದು ವೈದ್ಯರು ಹೇಳುವುದು ಶ್ವಾಸಕೋಶ ಪರೀಕ್ಷಿಸಲಿಕ್ಕಲ್ಲ. ಎದೆ ಹಿಗ್ಗಿದಾಗ ತಿರುವು ಕೊಂಚ ನೇರವಾಗಿ ತಂತಿ ಜಾರಲೆಂದು. ತೀರಾ ಅಪರೂಪಕ್ಕೆ, ನೂರರಲ್ಲಿ ಒಬ್ಬರಿಗೆ ಎನ್ನಬಹುದು, ಬಲಗೈಯ ನಾಳ ಮಹಾಧಮನಿಯ ಕಮಾನಿನ ಕಟ್ಟಕಡೆಯ ಕವಲಾಗಿ ಹುಟ್ಟಿ ಅನ್ನನಾಳದ ಹಿಂದಿನಿಂದ ಬಲಕ್ಕೆ ಬರುತ್ತದೆ. ಆಗ ತಂತಿ ಮತ್ತೆ ಮತ್ತೆ ಹೊಟ್ಟೆಯ ಕಡೆಗೇ ಇಳಿಯುತ್ತದೆ. ಹೀಗೆ ಹಿಂದಿನಿಂದ ಹಾದ ನಾಳದಿಂದ ಕೆಲವರಿಗೆ ತುತ್ತು ನುಂಗಲು ಕಷ್ಟವಾಗುವುದನ್ನು ಲಂಡನ್ನಿನ ಡೇವಿಡ್ ಬೇಫರ್ಡ್ ಹದಿನೆಂಟನೇ ಶತಮಾನದಲ್ಲೇ ವಿವರಿಸಿದ್ದ.

ಮನೆಗೆ ಬಂದ ಮೇಲೆ ಮುಂಗೈ ಉಬ್ಬಿ ಬಿಗಿದು ಬೆರಳು ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಮರಳಬೇಕು. ಡಿಸ್ಚಾರ್ಜ್ ಕಾಗದದಲ್ಲಿ ‘ಬಲಗೈ ನಾಳದಲ್ಲಿ ಸುತ್ತು’ ಎಂಬ ಒಂದು ಸಾಲು ಬರೆಸಿಕೊಂಡು ರೇಷನ್ ಕಾರ್ಡಿನ ಜತೆ ಜೋಪಾನ ಮಾಡಿದರೆ, ಮುಂದಿನ ಸಲ ಬೇರೆ ಊರಿನ ವೈದ್ಯರಾದರೂ ಮೊದಲು ಎಡಗೈ ಕೇಳುತ್ತಾರೆ.