ರುಚಿ ನೋಡುವವರ ಕೆಲಸದ ಜಾಗ: ಆರು ನಂಬಿಕೆ, ಆರು ನಿಜ

ರವೆ ಇಡ್ಲಿ ಮಿಕ್ಸ್ ಆಗಲಿ, ಪುಳಿಯೋಗರೆ ಗೊಜ್ಜಾಗಲಿ, ಅಂಗಡಿಗೆ ಬರುವ ಮೊದಲು ಒಂದು ತಂಡದ ಕೈಯಲ್ಲಿ ಹತ್ತಾರು ಸಲ ಬೆಂದು, ಹತ್ತಾರು ಸಲ ಬೇಡವೆನಿಸಿಕೊಂಡಿರುತ್ತದೆ. ಆ ತಂಡದ ಜಾಗ ಮನೆಯಂತಿರಬೇಕೆಂಬ ಆಸೆ ಸರಿಯೇ. ಆದರೆ ಅದಕ್ಕಾಗಿ ಮಾಡುವ ಕೆಲವು ಏರ್ಪಾಡುಗಳು ನಾಲಿಗೆಯನ್ನೇ ದಾರಿ ತಪ್ಪಿಸುತ್ತವೆ.

ತಪ್ಪು ಕಲ್ಪನೆ: ಎಲ್ಲೆಡೆ ಹಳದಿ ದೀಪ ಹಾಕಿದರೆ ಆತ್ಮೀಯತೆ ಬರುತ್ತದೆ.

ಸತ್ಯ: ಹಳದಿ ಬೆಳಕಿನಲ್ಲಿ ಅರೆಬೆಂದ ಚಕ್ಕುಲಿಯೂ ಹೊಂಬಣ್ಣವಾಗಿ ಕಾಣುತ್ತದೆ. ಬಣ್ಣ ಮೂಗನ್ನೂ ಮೋಸಗೊಳಿಸುತ್ತದೆ. 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಫ್ರಾನ್ಸಿನ ಬೋರ್ಡೋ ವಿಶ್ವವಿದ್ಯಾಲಯದ 54 ವೈನ್ ವಿದ್ಯಾರ್ಥಿಗಳು, ಕೆಂಪು ಬಣ್ಣ ಬೆರೆಸಿದ ಬಿಳಿ ವೈನಿನ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. ರುಚಿ ಪರೀಕ್ಷೆಯ ಕೋಣೆಗಳಿಗೆ ಇರುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 8589, ಹಗಲನ್ನು ಹೋಲುವ 6500 ಕೆಲ್ವಿನ್ ಬೆಳಕು ಸೂಕ್ತವೆನ್ನುತ್ತದೆ. ಹಳದಿ ದೀಪ ಊಟದ ಮೇಜಿನ ಮೇಲಿರಲಿ.

ತಪ್ಪು ಕಲ್ಪನೆ: ಹಾಗಾದರೆ ಇಡೀ ಕಟ್ಟಡ ಆಸ್ಪತ್ರೆಯಂತೆ ಇರಬೇಕು.

ಸತ್ಯ: ಹೊಳಪಿಲ್ಲದ ಮಾಸಲು ಬಿಳಿ ಅಥವಾ ತಿಳಿ ಬೂದು ಗೋಡೆ ಬೇಕಿರುವುದು ರುಚಿ ನೋಡುವ ಕೋಣೆಗೆ. ಅಡುಗೆಯ ಭಾಗದಲ್ಲಿ ನೀರು ಹೀರದ, ತೊಳೆಯಲು ಸುಲಭವಾದ ನೆಲ, ಗೋಡೆ ಇರಬೇಕು. ಉಳಿದ ಕಡೆ ಮರ, ಗಿಡ, ಬಣ್ಣ ಯಾವುದಕ್ಕೂ ಅಡ್ಡಿಯಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಲ್ಲಿ ಶುರುವಾದದ್ದೇ ಚೆಲುವಾಂಬ ಅರಮನೆಯಲ್ಲಿ. ಆಹಾರ ವಿಜ್ಞಾನಕ್ಕೂ ಅಂದಕ್ಕೂ ಹಗೆಯಿಲ್ಲ.

ತಪ್ಪು ಕಲ್ಪನೆ: ಘಮಘಮ ಎನ್ನುವ ಜಾಗ ಜನರನ್ನು ಬರಮಾಡಿಕೊಳ್ಳುತ್ತದೆ.

ಸತ್ಯ: ಬೆಳಗಿನ ಪೂಜೆಯ ಅಗರಬತ್ತಿ, ಮುಡಿದ ಮಲ್ಲಿಗೆ, ಫಿಲ್ಟರ್ ಕಾಫಿ ಎಲ್ಲವೂ ಹಿತವೇ. ಆದರೆ ನಾವು ರುಚಿ ಎನ್ನುವುದರಲ್ಲಿ ದೊಡ್ಡ ಪಾಲು ಮೂಗಿನದು. ಸದಾ ಇರುವ ವಾಸನೆಯನ್ನು ಮೂಗು ಬೇಗ ಮರೆಯುವುದರಿಂದ, ಒಳಗಿದ್ದವರಿಗೆ ಅದು ಇದೆಯೆಂದೇ ತಿಳಿಯುವುದಿಲ್ಲ. ಆದ್ದರಿಂದಲೇ ರುಚಿ ಕೋಣೆಯ ಗಾಳಿಯ ಒತ್ತಡವನ್ನು ಹೊರಗಿಗಿಂತ ತುಸು ಹೆಚ್ಚು ಇಡುತ್ತಾರೆ. ಬಾಗಿಲು ತೆರೆದಾಗ ಗಾಳಿ ಹೊರಕ್ಕೆ ಹೋಗುತ್ತದೆ, ವಾಸನೆ ಒಳನುಗ್ಗುವುದಿಲ್ಲ. ಪೂಜೆ, ಕಾಫಿ ಎರಡಕ್ಕೂ ಬೇರೆ ಮೂಲೆ ಕೊಟ್ಟರಾಯಿತು.

ತಪ್ಪು ಕಲ್ಪನೆ: ಅಡುಗೆಮನೆ ಎಂದಮೇಲೆ ಸದ್ದು ಇದ್ದದ್ದೇ.

ಸತ್ಯ: ಸದ್ದು ಕಿವಿಗಷ್ಟೇ ತೊಂದರೆಯಲ್ಲ. ಜೋರು ಸದ್ದಿನ ನಡುವೆ ತಿಂದವರಿಗೆ ಉಪ್ಪು, ಸಿಹಿ ಎರಡೂ ಕಡಿಮೆ ಅನ್ನಿಸಿದ್ದನ್ನು 2011ರ ಅಧ್ಯಯನವೊಂದು ತೋರಿಸಿತು. ಮಿಕ್ಸಿ, ಎಕ್ಸಾಸ್ಟ್ ಫ್ಯಾನುಗಳ ಪಕ್ಕದಲ್ಲೇ ನಿಂತು ಸಾರಿನ ಪುಡಿಯ ಉಪ್ಪು ತೀರ್ಮಾನಿಸಿದರೆ, ಕೊಂಡವರ ಮನೆಯಲ್ಲಿ ಅದು ಹೆಚ್ಚಾದೀತು.

ತಪ್ಪು ಕಲ್ಪನೆ: ಗೋಡೆ ಒಡೆದರೆ ಜನ ಬೆರೆಯುತ್ತಾರೆ.

ಸತ್ಯ: ಅಮೆರಿಕದ ಎರಡು ದೊಡ್ಡ ಕಂಪನಿಗಳು ತೆರೆದ ಕಚೇರಿಗೆ ಬದಲಾದಾಗ ಏನಾಯಿತೆಂದು ಹಾರ್ವರ್ಡ್ ಸಂಶೋಧಕರು ಅಳೆದು 2018ರಲ್ಲಿ ಪ್ರಕಟಿಸಿದರು. ಮುಖಾಮುಖಿ ಮಾತುಕತೆ ಸುಮಾರು ಶೇ 70ರಷ್ಟು ಇಳಿದಿತ್ತು, ಇಮೇಲ್ ಹೆಚ್ಚಿತ್ತು. ಎಲ್ಲರ ಕಣ್ಣೂ ತಮ್ಮ ಮೇಲಿದ್ದರೆ ಜನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಳ್ಳುತ್ತಾರೆ. ಆದರೆ ದೂರವೂ ಒಳ್ಳೆಯದಲ್ಲ: ಮೇಜುಗಳ ನಡುವಿನ ಅಂತರ ಹೆಚ್ಚಿದಷ್ಟೂ ಎಂಜಿನಿಯರುಗಳ ಮಾತುಕತೆ ಕುಸಿಯುತ್ತದೆಂದು ಎಂಐಟಿಯ ಥಾಮಸ್ ಅಲೆನ್ 1970ರ ದಶಕದಲ್ಲೇ ತೋರಿಸಿದ್ದರು. ಪ್ಯಾಕಿಂಗ್ ನೋಡುವವರೂ ಒಲೆಯ ಮುಂದೆ ನಿಲ್ಲುವವರೂ ಒಂದೇ ಮಹಡಿಯಲ್ಲಿರಲಿ. ಮರೆಗೊಂದು ಗೋಡೆಯೂ ಇರಲಿ.

ತಪ್ಪು ಕಲ್ಪನೆ: ಎಲ್ಲರೂ ಒಟ್ಟಿಗೆ ಕೂತು ರುಚಿ ನೋಡುವುದೇ ಒಳ್ಳೆಯ ತಂಡದ ಲಕ್ಷಣ.

ಸತ್ಯ: ಮ್ಯಾನೇಜರ್ 'ಆಹಾ' ಅಂದಮೇಲೆ ನಿನ್ನೆ ಮೊನ್ನೆ ಸೇರಿದ ಹುಡುಗಿ 'ಹುಳಿ ಜಾಸ್ತಿ ಸರ್' ಅನ್ನುವಳೇ? ಪಕ್ಕದವರ ಮುಖಭಾವವೇ ಸಾಕು, ಅಂಕ ಬದಲಾಗುತ್ತದೆ. ಅದಕ್ಕೇ ಒಬ್ಬೊಬ್ಬರಿಗೂ ಅಡ್ಡತಟ್ಟಿ ಹಾಕಿದ ಪುಟ್ಟ ಗೂಡು. ಮೊದಲು ಅಲ್ಲಿ ಒಬ್ಬರೇ ತಿಂದು ಬರೆದಿಡಬೇಕು. ಆಮೇಲೆ ದೊಡ್ಡ ಮೇಜಿಗೆ ಬಂದು ವಾದಿಸಬೇಕು. ತಣ್ಣಗೆ ಕಾಣುವ ಆ ಗೂಡೇ ಕಿರಿಯರಿಗೆ ಸಿಗುವ ನಿಜವಾದ ಮರ್ಯಾದೆ.

ಹಣ ಕಡಿಮೆಯಿದ್ದರೆ ಸೋಫಾ ಆಮೇಲೆ ತನ್ನಿ. ಮೊದಲು ಗಾಳಿ, ಬೆಳಕು, ಸದ್ದು ಸರಿಮಾಡಿ, ನಾಲ್ಕು ಅಡ್ಡತಟ್ಟಿ ಹಾಕಿಸಿ. 'ಇದು ಚೆನ್ನಾಗಿಲ್ಲ' ಎಂದು ಯಾರು ಬೇಕಾದರೂ ಹೇಳಬಹುದಾದ ಜಾಗಕ್ಕೆ ಜನ ತಾವಾಗಿಯೇ ಒಗ್ಗಿಕೊಳ್ಳುತ್ತಾರೆ.