ಬೆರಳ ನಡುವಿನ ಎಳೆ

ಮಾರ್ಕೋನಹಳ್ಳಿ ಕಡೆಯ ತಣ್ಣನೆ ಗಾಳಿ. ಅಮೃತೂರಿನಲ್ಲಿ ಕುಣಿಗಲ್ ಬಸ್ಸಿಗೆ ಕಾದು ನಿಂತವರ ನಡುವೆ ಟವೆಲ್ ಹೊದ್ದ ಒಬ್ಬ ತೆಂಗಿನ ತೋಟದ ರೈತ. ಕಣ್ಣಿಗೆ ಅರಿಶಿನ ಬಳಿದಂತಿದೆ. ಕೆರೆದು ಕೆರೆದು ತೋಳಿನ ತುಂಬ ಗೀರು. ಮಗನ ಕೈಯ ಪ್ಲಾಸ್ಟಿಕ್ ಕವರಿನಲ್ಲಿ ಸ್ಕ್ಯಾನಿಂಗ್ ಫಿಲಂ, ರಕ್ತದ ರಿಪೋರ್ಟು.

"ಕಾಮಾಲೆ ಔಷಧಿ ಕುಡಿದ್ರಾ ದೊಡ್ಡಪ್ಪ?"

"ಮೂರು ವಾರ ಕುಡ್ದೆ ಕಣಪ್ಪ. ಎಣ್ಣೆ, ಕಾರ ಎಲ್ಲಾ ಬಿಟ್ಟೆ. ಇಳೀಲಿಲ್ಲ. ಮೇದೋಜೀರಕದಲ್ಲಿ ನೀರುಗುಳ್ಳೆ ಐತಂತೆ."

ಮಗ ಮಾತಾಡುವುದಿಲ್ಲ. ರಿಪೋರ್ಟಿನಲ್ಲಿ ಸಿಎ 19-9 ಎಂಬುದರ ಮುಂದೆ 210 ಎಂದಿದೆ, 37ರೊಳಗೆ ಇರಬೇಕಿತ್ತು. ಮೊಬೈಲಿನಲ್ಲಿ ಹುಡುಕಿದರೆ ಕ್ಯಾನ್ಸರ್ ಎಂದು ಬಂತು. ಎರಡು ರಾತ್ರಿ ನಿದ್ದೆಯಿಲ್ಲ.

ಆ ಅಂಕಿಯನ್ನು ಅಷ್ಟು ಬೇಗ ನಂಬಬಾರದು. 1979ರಲ್ಲಿ ಅಮೆರಿಕದ ವಿಸ್ಟಾರ್ ಸಂಸ್ಥೆಯಲ್ಲಿ ಗುರುತಿಸಿದ ಈ ವಸ್ತು ಕ್ಯಾನ್ಸರಿನಲ್ಲಿ ಏರುವುದು ನಿಜ. ಪಿತ್ತನಾಳ ಕಟ್ಟಿಕೊಂಡು ಕಾಮಾಲೆಯಾದರೂ ಏರುತ್ತದೆ. ನೂರರಲ್ಲಿ ಐದರಿಂದ ಹತ್ತು ಜನರ ಮೈ ಇದನ್ನು ತಯಾರಿಸುವುದೇ ಇಲ್ಲ. ಅವರಿಗೆ ಗಡ್ಡೆ ಇದ್ದರೂ ಅಂಕಿ ಸುಮ್ಮನಿರುತ್ತದೆ.

ಬೆಂಗಳೂರು. ಗಂಟಲಿನಿಂದ ಇಳಿದ ಎಂಡೋಸ್ಕೋಪಿನ ತುದಿಯಲ್ಲೇ ಅಲ್ಟ್ರಾಸೌಂಡ್. ಜಠರದ ಗೋಡೆ ದಾಟಿದ ಸಣ್ಣ ಸೂಜಿ ಗುಳ್ಳೆಯ ನೀರನ್ನು ಎಳೆಯುತ್ತದೆ. ಡಾಕ್ಟರು ಅದರ ಒಂದು ಹನಿಯನ್ನು ಗ್ಲೌಸು ತೊಟ್ಟ ಎರಡು ಬೆರಳ ನಡುವೆ ಇಟ್ಟು ಮೆಲ್ಲಗೆ ಅಗಲಿಸುತ್ತಾರೆ. ಲೋಳೆಯ ಗುಳ್ಳೆಯಾದರೆ ಹೆಚ್ಚಿದ ಬೆಂಡೆಕಾಯಿಯಂತೆ ಎಳೆ ಬರುತ್ತದೆ. ಅಂಥ ಗುಳ್ಳೆ ಮುಂದೆ ಕ್ಯಾನ್ಸರಾಗಬಹುದು. ಈ ಹನಿ ನೀರಿನ ಹಾಗೆ ಫಕ್ಕನೆ ಕಡಿಯಿತು.

ಉಳಿದದ್ದು ಲ್ಯಾಬಿಗೆ. ಆ ನೀರಿನಲ್ಲಿ ಸಿಇಎ ಎಂಬ ಪ್ರೋಟೀನು 192 ದಾಟಿದರೆ ಲೋಳೆಗುಳ್ಳೆಯ ಅನುಮಾನ ಬಲವಾಗುತ್ತದೆ. ಅಮೈಲೇಸ್ ಎಂಬ ಕಿಣ್ವ 250ಕ್ಕಿಂತ ಕಡಿಮೆಯಿದ್ದರೆ ಉರಿಯೂತದಿಂದಾದ ಹುಸಿಗುಳ್ಳೆ ಅಲ್ಲವೆನ್ನಬಹುದು. ಇವರದರಲ್ಲಿ ಸಿಇಎ ತೀರಾ ಕಡಿಮೆ, ಅಮೈಲೇಸ್ ಸಾವಿರಗಟ್ಟಲೆ. ಜೀವಕೋಶಗಳ ಪರೀಕ್ಷೆಯಲ್ಲೂ ಕೆಟ್ಟದ್ದೇನೂ ಇಲ್ಲ. ಹೋದ ವರ್ಷ ಹೊಟ್ಟೆನೋವೆಂದು ಎರಡು ದಿನ ಡ್ರಿಪ್ ಹಾಕಿಸಿಕೊಂಡು ಬಂದಿದ್ದರಲ್ಲ, ಆಗ ಊದಿಕೊಂಡ ಮೇದೋಜೀರಕ ಬಿಟ್ಟುಹೋದ ಗುಳ್ಳೆ ಇದು; ಪಿತ್ತನಾಳವನ್ನು ಒತ್ತುತ್ತಿತ್ತು. ಅದನ್ನು ಬಸಿದ ಮೇಲೆ ಕಣ್ಣು ಬೆಳ್ಳಗಾಯಿತು. ಮತ್ತೆ ಅಳೆದಾಗ 210 ಇದ್ದದ್ದು 30.

ಎಲ್ಲರ ಗುಳ್ಳೆಯೂ ಹುಸಿಯಾಗಿರುವುದಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ: ನೋವಿಲ್ಲದೆ ಕಣ್ಣು ಹಳದಿಯಾದರೆ, ಮಲ ಸುಣ್ಣದಂತೆ ಬಿಳಿಚಿದರೆ, ಮೈಯೆಲ್ಲ ನವೆಯಾದರೆ ಸೊಪ್ಪಿನ ರಸಕ್ಕೆ ಮೂರು ವಾರ ಕೊಡಬೇಡಿ. ಆ ವಾರವೇ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ.